ಕೆಂಪು ಕಂಡದ್ದು ಎಷ್ಟು ಸಲ

ಅಣ್ಣನ ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದು ನನಗೆ ತಿಳಿದದ್ದು ತಿಪಟೂರಿನ ನಮ್ಮ ಮನೆಯ ಕಕ್ಕಸಿನ ಬಿಳಿ ಪಿಂಗಾಣಿಯಿಂದ. ಅವನು ಹಾಲ್ಕುರಿಕೆ ಕಡೆಯ ನಮ್ಮ ಊರಿನಿಂದ ಕೊಬ್ಬರಿ ಹರಾಜಿಗೆ ಬಂದಿದ್ದ. ಮಾರುಕಟ್ಟೆ ಕೆಲಸ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದವನು ಒಳಗೆ ಹೋಗಿ, ಫ್ಲಶ್ ಒತ್ತದೆ ಹೊರಗೆ ಬಂದ. ಆ ಗುಂಡಿಯ ಮೇಲೆ ಅವನಿಗೆ ಮೊದಲಿನಿಂದಲೂ ನಂಬಿಕೆಯಿಲ್ಲ, ಬಕೆಟ್ಟಿನಲ್ಲಿ ನೀರು ಹೊಯ್ದರೇ ಅವನಿಗೆ ಸಮಾಧಾನ. ಅಂದು ಬಕೆಟ್ಟು ಖಾಲಿಯಿತ್ತು. ಅವನ ಹಿಂದೆಯೇ ಹೋದ ನಾನು ನೋಡಿದ್ದು ಕೆಂಪು ದಾಸವಾಳ ಕಿವುಚಿದಂಥ ನೀರು.

ಕೆಂಪು ನೀರು ಕಂಡದ್ದು ಖಚಿತ. ಬಕೆಟ್ಟು ಖಾಲಿಯಿತ್ತೆಂಬುದು ಮಾತ್ರ ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವನು ನಾನು. ಒಂದು ಘಟನೆ ನಡೆದ ಮೇಲೆ ಮನಸ್ಸು ಅದಕ್ಕೆ ಬೇಕಾದ ಕಾರಣಗಳನ್ನು ತಾನೇ ಹೊಂಚಿಕೊಳ್ಳುತ್ತದೆ ಎಂದು ಹುಡುಗರಿಗೆ ಹೇಳಿ ಹೇಳಿ, ಕೊನೆಗೆ ನನ್ನ ನೆನಪನ್ನೂ ನಾನು ಸುಲಭಕ್ಕೆ ನಂಬದಂತಾಗಿದೆ. ಮನೆಯಲ್ಲಿ ಇದರಿಂದ ಕಿರಿಕಿರಿಯೇ ಹೆಚ್ಚು. ಕೀಲಿ ಎಲ್ಲಿಟ್ಟಿರಿ ಎಂದು ಹೆಂಡತಿ ಕೇಳಿದರೂ "ಮೇಜಿನ ಮೇಲೆ ಇಟ್ಟ ನೆನಪು, ಆದರೆ ಅದು ನಿನ್ನೆಯದಿರಬಹುದು" ಎನ್ನುವವನು ನಾನು.

ಹೊರಗೆ ಬಂದು, ತಟ್ಟೆಯ ಮುಂದೆ ಕೂತಿದ್ದ ಅಣ್ಣನನ್ನು ಮೆಲ್ಲಗೆ ಕೇಳಿದೆ.

"ಬೀಟ್‌ರೂಟ್ ಏನಾದ್ರೂ ತಿಂದಿದ್ಯೇನಣ್ಣ?"

ಅವನು ಮುದ್ದೆ ಮುರಿಯುತ್ತಾ ನಕ್ಕ. "ಹೋದ್ ಸಲಾನೂ ಇದ್ನೇ ಕೇಳ್ದೆ ಕಣ್ಲಾ. ನಿಂಗೆ ಕೆಂಪು ಅಂದ್ರೆ ಬೀಟ್‌ರೂಟ್ ಒಂದೇ ಗೊತ್ತಿರೋದು."

ಹೋದ ಸಲ ಎಂದರೆ? ನನಗೆ ಯಾವ ಹೋದ ಸಲವೂ ನೆನಪಿರಲಿಲ್ಲ. ವಿಚಾರಿಸಿದರೆ ಅಣ್ಣ ಬಹಳ ಸಲೀಸಾಗಿ ಹೇಳಿದ. ದೀಪಾವಳಿಯ ಹೊತ್ತಿಗೆ ಒಮ್ಮೆ ಹೀಗೇ ಆಗಿತ್ತಂತೆ. ಬಚ್ಚಲ ಕಲ್ಲಿನ ಮೇಲೆ ಕೆಂಪಗೆ ಕಂಡಿತಂತೆ. ಉರಿ ಇಲ್ಲ, ನೋವಿಲ್ಲ, ಜ್ವರವಿಲ್ಲ. ನನಗೂ ಹೇಳಿದನಂತೆ, ನಾನು ಬೀಟ್‌ರೂಟ್ ಇರಬೇಕು ಎಂದೆನಂತೆ. ಅತ್ತಿಗೆ ಬಾವಿ ಪಕ್ಕದ ಮರದ ಎಳನೀರು ಕೆತ್ತಿಕೊಟ್ಟಳಂತೆ. ಮೂರು ದಿನ ಕುಡಿದ, ಹೋಯಿತು. ಈಗ ಮತ್ತೆ ಬಂದಿದೆ, ಮತ್ತೆ ಕುಡಿದರಾಯಿತು.

"ಉಷ್ಣ ಕಣ್ಲಾ. ಬಿಸಿಲಲ್ಲಿ ಕಾಯಿ ಸುಲಿಸ್ತಾ ನಿಂತ್ರೆ ಇನ್ನೇನಾಯ್ತದೆ?"

ಆ ಬಾವಿ ಪಕ್ಕದ ಮರದ ಬಗ್ಗೆ ಇಲ್ಲಿ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿ ಇರುವುದು ಕೊಬ್ಬರಿಗೆ. ಬಲಿತ ಕಾಯನ್ನು ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನೇ ಇಂಗಿ ತಿರುಳು ಚಿಪ್ಪು ಬಿಡುವ ತನಕ ಒಂದು ವರ್ಷ ಕಾಯುವವರು ನಾವು. ಅಂಥವರು ಎಳೆಗಾಯಿಗೆ ಮಚ್ಚು ಹಾಕಲು ಮನಸ್ಸು ಮಾಡುವುದಿಲ್ಲ. ಈಗೀಗ ಎಳನೀರಿನ ಲಾರಿಗಳು ಬಂದು ತೋಟ ತೋಟವನ್ನೇ ಇಳಿಸಿಕೊಂಡು ಹೋಗುತ್ತವೆ, ನಿಜ. ಆದರೆ ನಮ್ಮ ಮನೆಯಲ್ಲಿ ಹಳೆಯ ಪದ್ಧತಿಯೇ ಉಳಿದಿದೆ. ಎಳನೀರಿಗೆಂದು ಒಂದೇ ಮರ. ಜ್ವರ ಬಂದವರಿಗೆ, ಬಾಣಂತಿಯರಿಗೆ, ವಾಂತಿಭೇದಿಯಾದವರಿಗೆ ಅದರ ಕಾಯಿ. ಹೀಗಾಗಿ ಎಳನೀರು ನಮ್ಮಲ್ಲಿ ಬಾಯಾರಿಕೆಗೆ ಕುಡಿಯುವ ಪಾನೀಯವಲ್ಲ, ಔಷಧಿ. ಆ ಮರದ ಬುಡಕ್ಕೆ ಹೋದವರೆಲ್ಲ ಗುಣವಾಗಿಯೇ ಬಂದಿದ್ದಾರೆ ಎಂಬ ಹೆಸರು ಅದಕ್ಕಿದೆ. ಜ್ವರ ಹೇಗೂ ನಾಲ್ಕು ದಿನಕ್ಕೆ ಇಳಿಯುತ್ತದೆ, ಭೇದಿ ಎರಡು ದಿನಕ್ಕೆ ನಿಲ್ಲುತ್ತದೆ, ಯಶಸ್ಸು ಮಾತ್ರ ಮರಕ್ಕೆ. ಮೂತ್ರದ ರಕ್ತವೂ ಹಾಗೆಯೇ. ಒಂದೆರಡು ದಿನ ಬರುತ್ತದೆ, ಯಾರ ಹಂಗೂ ಇಲ್ಲದೆ ನಿಲ್ಲುತ್ತದೆ, ತಿಂಗಳುಗಟ್ಟಲೆ ಸುಳಿವೇ ಇರುವುದಿಲ್ಲ. ಇದು ಅಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೂ, ಮೂರು ದಿನ ಕುಡಿದೆ, ಮೂರನೆಯ ದಿನ ನಿಂತಿತು, ಆದ್ದರಿಂದ ಅದರಿಂದಲೇ ನಿಂತಿತು ಎಂಬ ವಾದದಲ್ಲಿರುವ ತೂತು ಕಾಣಲು ವೈದ್ಯ ಓದಬೇಕಿಲ್ಲ.

ತೂತು ಕಂಡವನು ನೆಟ್ಟಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ನಾನು ಮಾಡಿದ್ದು ಬೇರೆ. ಅವನ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಉಮೇದು ಬಂತು. ಈ ಸಲ ಎಳನೀರು ಕುಡಿಯಬೇಡ, ಮೂರು ದಿನ ಬರೀ ನೀರು ಕುಡಿ, ಆಗಲೂ ನಿಂತರೆ ಎಳನೀರಿನ ಪಾತ್ರ ಏನೂ ಇಲ್ಲವೆಂದು ಸಾಬೀತಾಗುತ್ತದಲ್ಲ ಎಂದೆ. ಅಡುಗೆಮನೆಯಿಂದ ಸಾರು ತರುತ್ತಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

"ಮೂರು ದಿನ ಇಟ್ಟು ನೋಡೋಕೆ ಭಾವನೋರೇನು ನಿಮ್ಮ ಪ್ರಾಕ್ಟಿಕಲ್ ಕ್ಲಾಸಾ? ರಕ್ತ ಹೋಗ್ತಿದೆ ಕಣ್ರೀ."

ಅವಳು ಹೇಳಿದ್ದು ಸರಿಯಿತ್ತು. ಅಣ್ಣ ನಂಬಿಕೆಯಿಂದ ಮುಂದೂಡುತ್ತಿದ್ದ, ನಾನು ಅನುಮಾನದಿಂದ. ಎರಡರಲ್ಲೂ ಮೂರು ದಿನ ಹೋಗುತ್ತಿತ್ತು. ಸಂಜೆ ಡಾಕ್ಟರನ್ನು ಕಂಡೇ ಹೋಗು ಎಂದೆ. ಅಣ್ಣ ಕೈ ತೊಳೆದವನೇ, ಕಾಯಿ ಸುಲಿಯುವವರನ್ನು ಬಿಟ್ಟು ಬಂದಿದ್ದೇನೆ ಎಂದು ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟ. ಅರವತ್ತೆರಡು ವರ್ಷದ, ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟ ಮನುಷ್ಯನನ್ನು ತೋಳು ಹಿಡಿದು ಎಳೆಯುವುದು ನನ್ನ ಕೈಲಾಗಲಿಲ್ಲ.

ಎರಡು ದಿನ ಬಿಟ್ಟು ಫೋನು ಮಾಡಿದಾಗ ಅವನ ದನಿಯಲ್ಲಿ ಗೆಲುವಿತ್ತು. ತಿಳಿಯಾಗಿದೆ, ಇನ್ನೇನೂ ಇಲ್ಲ ಎಂದ. ಅಷ್ಟರಲ್ಲಿ ನಾನು ಒಬ್ಬ ಪರಿಚಿತ ಡಾಕ್ಟರನ್ನು ವಿಚಾರಿಸಿದ್ದೆ. ಅವರ ಮಾತು ಚಿಕ್ಕದು, ಸ್ಪಷ್ಟ. ಕಣ್ಣಿಗೆ ಕಾಣುವಷ್ಟು ರಕ್ತ ಮೂತ್ರದಲ್ಲಿ ಒಂದೇ ಸಲ ಬಂದಿದ್ದರೂ, ನಿಂತಿದ್ದರೂ ತೋರಿಸಬೇಕು. ನಿಂತಿತೆಂದರೆ ಗುಣವಾಯಿತು ಎಂದಲ್ಲ. ಮರುದಿನ ಬೆಳಗಿನ ಬಸ್ಸಿಗೆ ನಾನು ಊರಿಗೆ ಹೋದೆ.

ತೋಟದಲ್ಲಿ ಕೆಲಸ ಜೋರಾಗಿತ್ತು. ಅಟ್ಟದಿಂದ ಇಳಿಸಿದ ಕಾಯಿಗಳ ಗುಡ್ಡೆಯ ಪಕ್ಕ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಟ್ಟಿ ತಿರುವಿ ಇಬ್ಬರು ಸುಲಿಯುತ್ತಿದ್ದರು. ಕಾಯಿಯಿಂದ ಬಿಡಿಸಿದ ನಾರಿನ ಮಟ್ಟೆ ಎದೆಯೆತ್ತರ ಬಿದ್ದಿತ್ತು. ನಾನು ಬಂದ ಕಾರಣ ಹೇಳಿದೊಡನೆ ಅಣ್ಣ ಮುಖ ತಿರುಗಿಸಿದ. ಹೋಗಿದೆ ಎಂದಮೇಲೆ ಯಾತಕ್ಕೆ ಬಂದೆ ಎಂದ. ನೋವಿಲ್ಲ, ಕೆಲಸ ಮಾಡುತ್ತಿದ್ದೇನೆ, ಎರಡು ಮುದ್ದೆ ಉಣ್ಣುತ್ತೇನೆ, ಇಂಥವನನ್ನು ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಏನಂತ ಹೇಳುತ್ತೀಯ ಎಂದ. ನನ್ನ ಹತ್ತಿರ ಉತ್ತರವಿತ್ತು, ಆದರೆ ಅದು ಪಾಠದಂತಿತ್ತು. ಅವನಿಗೆ ನನ್ನ ಪಾಠ ಆಗುವುದಿಲ್ಲ. ಹಾಗಾಗಿ ಸುಮ್ಮನೆ ಒಂದು ಪ್ರಶ್ನೆ ಕೇಳಿದೆ.

"ತಿಳಿಯಾಗೈತೆ ಅಂದ್ಯಲ್ಲ, ಎಲ್ಲಿ ನೋಡ್ದೆ?"

"ಎಲ್ಲಿ ಅಂದ್ರೆ? ಇಲ್ಲೇ." ಅವನು ಗದ್ದದಿಂದ ಮಟ್ಟೆಯ ರಾಶಿಯ ಹಿಂಬದಿ ತೋರಿಸಿದ.

ನಾನು ಅಲ್ಲಿಗೆ ನಡೆದೆ. ಹಳೆಯ ಮಟ್ಟೆ ಮಳೆಗೆ ನೆನೆದು ಕೊಳೆತು, ಅದರ ಕೆಳಗಿಂದ ಜಿನುಗುವ ನೀರೇ ಕಡುಚಹದ ಬಣ್ಣಕ್ಕಿತ್ತು. ಅದರಾಚೆಗಿನ ನೆಲ ನಮ್ಮ ಕಡೆಯ ಕೆಮ್ಮಣ್ಣು. ತೋಟದಲ್ಲಿ ಗಂಡಸರೆಲ್ಲ ನಿಲ್ಲುವುದು ಅಲ್ಲೇ, ತಲೆತಲಾಂತರದಿಂದ. ಯಾರೂ ಕೆಳಗೆ ನೋಡಿದ್ದಿಲ್ಲ, ನೋಡಿದರೂ ಕಾಣುವಂಥದ್ದೇನೂ ಇಲ್ಲ.

"ಇಲ್ಲಿ ಒಂದು ಬಾಟ್ಲು ಕೆಂಪು ಇಂಕು ಸುರುದ್ರೂ ಕಾಣಲ್ಲ ಅಣ್ಣ," ಎಂದೆ.

ಕಾಯಿ ಸುಲಿಯುತ್ತಿದ್ದವರಲ್ಲಿ ಹಿರಿಯವನು ಕೈ ನಿಲ್ಲಿಸಿ ನೋಡುತ್ತಿದ್ದ. "ಉಚ್ಚೆ ಹೊಯ್ಯೋ ಜಾಗ ನೋಡೋಕೆ ಮೇಷ್ಟ್ರು ತಿಪ್ಟೂರಿಂದ ಬಸ್ಸತ್ತಿ ಬಂದವ್ರೆ," ಎಂದು ಜೊತೆಯವನಿಗೆ ಹೇಳಿದ. ಇಬ್ಬರೂ ನಕ್ಕರು. ಅಣ್ಣ ನಗಲಿಲ್ಲ. ರಾಶಿಯ ಬುಡವನ್ನೇ ಸ್ವಲ್ಪ ಹೊತ್ತು ನೋಡಿದ. ಲೆಕ್ಕ ಹಾಕುತ್ತಿದ್ದನೆಂದು ನನಗನ್ನಿಸಿತು. ದೀಪಾವಳಿಯಲ್ಲಿ ಕೆಂಪು ಕಂಡದ್ದು ಬಚ್ಚಲ ಕಲ್ಲಿನ ಮೇಲೆ. ಹೋಯಿತು ಎಂದು ತೀರ್ಮಾನಿಸಿದ್ದು ಇಲ್ಲಿ ನಿಂತು. ನಡುವಿನ ಐದಾರು ತಿಂಗಳೂ ಇಲ್ಲೇ ನಿಂತದ್ದು. ಎಳನೀರಿನಿಂದ ನಿಂತಿತೋ ತಾನಾಗಿ ನಿಂತಿತೋ ಎಂಬ ನನ್ನ ತರ್ಕ ಹಾಗಿರಲಿ, ನಿಂತಿತ್ತು ಎಂಬುದಕ್ಕೇ ಅವನ ಹತ್ತಿರ ಸಾಕ್ಷಿ ಇರಲಿಲ್ಲ.

ಮಜ್ಜಿಗೆ ತಂದ ಅತ್ತಿಗೆ, ಏನು ನಡೆಯಿತೆಂದು ಕೇಳಿಕೊಂಡು ಲೋಟ ಅವನ ಕೈಗಿಟ್ಟಳು. "ನಾನೂ ಹೇಳ್ತಾನೇ ಇವ್ನಿ ಕಣಪ್ಪ, ಎಳ್ನೀರು ಕುಡುದ್ರೂ ಒಂದ್ಸಲ ತೋರ್ಸಿ ಅಂತ. ಯಾರ್ ಕೇಳ್ತಾರೆ?" ಎಂದು ನನಗೆ ಹೇಳಿ, ಅವನ ಕಡೆ ತಿರುಗಿ ಒಗೆದ ಅಂಗಿ ಗೂಟದ ಮೇಲಿದೆ ಎಂದಳು. ಅವನು ಮಜ್ಜಿಗೆ ಕುಡಿದು ಅಂಗಿ ಹಾಕಿಕೊಂಡ.

ತಿಪಟೂರಿನಲ್ಲಿ ನಾವು ಕಂಡ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಮೊದಲ ಕೆಲಸವಾಗಿ ಅಣ್ಣನ ಕೈಗೆ ಮುಚ್ಚಳದ ಪುಟ್ಟ ಡಬ್ಬಿ ಕೊಟ್ಟು, ಮೊದಲು ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿದುಕೊಂಡು ಬನ್ನಿ ಎಂದರು. ಅವನು ತಂದ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದ. ಒಣಹುಲ್ಲಿನ ಬಣ್ಣ, ಒಂದಿಷ್ಟೂ ಕೆಂಪಿಲ್ಲ. ಅವನ ಕಣ್ಣಿನಲ್ಲಿ, ನೋಡಿದೆಯಾ ಎಂಬ ಮಾತಿತ್ತು. ಒಪ್ಪಿಕೊಳ್ಳುತ್ತೇನೆ, ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಮುಕ್ಕಾಲು ಗಂಟೆಯ ನಂತರ ಬಂದ ವರದಿಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೆಂಪು ರಕ್ತಕಣಗಳು ಬೇಕಾದಷ್ಟು ಕಂಡಿದ್ದವು. ಸೋಂಕಿನ ಗುರುತು ಇರಲಿಲ್ಲ. ಕಣ್ಣಿಗೆ ಕಾಣದಿದ್ದರೂ ರಕ್ತ ಹೋಗುತ್ತಲೇ ಇತ್ತು.

ಅಣ್ಣ ತನ್ನ ದೊಡ್ಡ ಸಮರ್ಥನೆಯನ್ನು ಅವರ ಮುಂದೂ ಇಟ್ಟ. ನೋವೇ ಇಲ್ಲವಲ್ಲಮ್ಮ ಎಂದ.

"ಯಜಮಾನ್ರೇ, ನೋವಿದ್ದಿದ್ರೆ ನನಗೆ ಇಷ್ಟು ಯೋಚನೆ ಆಗ್ತಿರ್ಲಿಲ್ಲ," ಎಂದರು ಅವರು.

ಕಲ್ಲಿದ್ದರೆ ಪಕ್ಕೆಯಿಂದ ತೊಡೆಸಂದಿಗೆ ಹಿಂಡಿದಂತಾಗುತ್ತದೆ, ಸೋಂಕಾದರೆ ಉರಿಯುತ್ತದೆ, ಆಗ ಜನ ತಾವೇ ಓಡಿ ಬರುತ್ತಾರೆ. ನೋವಿಲ್ಲದೆ ಬಂದು ಹೋಗುವ ರಕ್ತವನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ, ಅದರಲ್ಲೂ ಐವತ್ತು ದಾಟಿದವರಲ್ಲಿ, ಬೀಡಿ ಸಿಗರೇಟು ಸೇದಿದವರಲ್ಲಿ ಅದನ್ನು ಬಿಡಲೇಬಾರದು ಎಂದು ವಿವರಿಸಿದರು. ಬೀಡಿ ಎಂದೊಡನೆ ಅಣ್ಣ ನನ್ನ ಮುಖ ನೋಡಿದ. ಇಪ್ಪತ್ತನೆಯ ವಯಸ್ಸಿನಿಂದ ದಿನಕ್ಕೊಂದು ಕಟ್ಟು ಅವನದು. ಹೊಗೆಯ ವಿಷ ರಕ್ತಕ್ಕಿಳಿದು, ಮೂತ್ರಕ್ಕೆ ಸೋಸಿಬಂದು, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ ಎಂದು ಅವರು ಹೇಳಿದ್ದು ನನಗೂ ಹೊಸದು. ಬೀಡಿ ಎಂದರೆ ಶ್ವಾಸಕೋಶ ಎಂದಷ್ಟೇ ತಿಳಿದಿದ್ದೆ.

ನನ್ನ ಬೀಟ್‌ರೂಟಿನ ಬಗ್ಗೆಯೂ ಕೇಳಿದೆ. ಬೀಟ್‌ರೂಟಿಗೆ ಕೆಲವರ ಮೂತ್ರ ಕೆಂಪಾಗುವುದು ನಿಜ, ಕ್ಷಯದ ಮಾತ್ರೆಗೆ ಕಿತ್ತಳೆ ಬಣ್ಣ ಬರುವುದೂ ನಿಜ, ಆದರೆ ಅದನ್ನು ತೀರ್ಮಾನಿಸಬೇಕಾದ್ದು ಪರೀಕ್ಷೆ, ಊಹೆಯಲ್ಲ ಎಂದರು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮಾತ್ರೆಯಿಂದಲೇ ಹೀಗಾಯಿತೆಂದು ಸುಮ್ಮನಿರುತ್ತಾರೆ, ಹೆಂಗಸರು ಮುಟ್ಟಿನದೆಂದೋ ಮತ್ತೆ ಸೋಂಕೆಂದೋ ಸುಮ್ಮನಿರುತ್ತಾರೆ, ಅವರೂ ತೋರಿಸಿಕೊಳ್ಳಬೇಕು ಎಂದರು. ಇಷ್ಟರ ಮೇಲೆ ಅಣ್ಣನಿಗೆ ಒಂದು ಎಚ್ಚರಿಕೆ ಕೊಟ್ಟರು. ರಕ್ತ ಗಡ್ಡೆ ಗಡ್ಡೆಯಾಗಿ ಬಂದರೆ, ಮೂತ್ರ ಕಟ್ಟಿಕೊಂಡು ಹೋಗದೇ ಇದ್ದರೆ, ಚಳಿಜ್ವರದ ಜೊತೆ ಪಕ್ಕೆ ನೋವು ಬಂದರೆ, ತಲೆ ತಿರುಗಿದರೆ ಆ ಕ್ಷಣವೇ ಆಸ್ಪತ್ರೆಗೆ ಬರಬೇಕು, ಬೆಳಗಾಗಲಿ ಎಂದು ಕಾಯಬಾರದು. ಅವನು ತಲೆಯಾಡಿಸಿದ. ಎಳನೀರು ಕುಡಿಯಬಹುದೇ ಎಂದು ಕೇಳಿದ. ಧಾರಾಳವಾಗಿ ಕುಡಿಯಿರಿ, ಆದರೆ ಅದು ಬಾಯಾರಿಕೆಗೆ ಎಂದರು.

ಆಮೇಲೆ ಪೆನ್ನು ತೆಗೆದು, ಮೊದಲು ಕಂಡಿದ್ದು ಯಾವಾಗ, ಇದುವರೆಗೆ ಎಷ್ಟು ಸಲ ಎಂದು ಕೇಳಿದರು. ನಾವಿಬ್ಬರೂ ಸಿಕ್ಕಿಬಿದ್ದದ್ದು ಇಲ್ಲಿ.

ಅಣ್ಣ ಹೇಳುವಂತೆ ದೀಪಾವಳಿ, ನಾನು ಹಬ್ಬಕ್ಕೆ ಬಂದಾಗ ಅಂಗಳದಲ್ಲಿ ಹೇಳಿದ, ನಾನು ಬೀಟ್‌ರೂಟ್ ಎಂದೆ. ಆ ಎರಡು ದಿನಗಳಲ್ಲಿ ಯೋಚಿಸಿ ಯೋಚಿಸಿ ನನಗೂ ಒಂದು ನೆನಪು ಹುಟ್ಟಿತ್ತು. ಅದರಲ್ಲಿ ಅವನು ಹೇಳಿದ್ದು ಫೋನಿನಲ್ಲಿ, ಸಂಕ್ರಾಂತಿಯ ಆಚೆಗೆ, ನಾನು "ಯಾವುದಕ್ಕೂ ಒಂದು ಸಲ ಟೆಸ್ಟ್ ಮಾಡಿಸು" ಎಂದಿದ್ದೆ. ಈ ನೆನಪು ಎಷ್ಟು ಸ್ಪಷ್ಟವಾಗಿತ್ತೆಂದರೆ ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿಯೂ ಕೇಳುತ್ತಿತ್ತು. ನಿಜವೂ ಇರಬಹುದು. ಆದರೆ ಎರಡು ನೆನಪುಗಳಲ್ಲಿ ಒಂದು ನನ್ನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ, ವಿಳಂಬವನ್ನೂ ಮೂರು ತಿಂಗಳು ಕಡಿಮೆ ಮಾಡುತ್ತದೆ. ಅಂಥ ನೆನಪನ್ನು ಬೇರೆ ಯಾರಾದರೂ ನನ್ನ ಮುಂದೆ ತಂದಿದ್ದರೆ ನಾನು ನಂಬುತ್ತಿದ್ದೆನೆ?

ಡಾಕ್ಟರಿಗೆ ಬೇಕಿದ್ದದ್ದು ನಮ್ಮಿಬ್ಬರಲ್ಲಿ ಯಾರು ಸರಿ ಎಂಬುದಲ್ಲ. ಎಷ್ಟು ಕಾಲದಿಂದ ಇರಬಹುದು ಎಂಬುದು. ತಪ್ಪಿ ಹೆಚ್ಚು ಹೇಳಿದರೆ ಒಂದು ಸ್ಕ್ಯಾನು ಬೇಗ ಆಗುತ್ತದೆ, ತಪ್ಪಿ ಕಡಿಮೆ ಹೇಳಿದರೆ ತಡವಾಗುತ್ತದೆ.

"ದೀಪಾವಳಿ ಅಂತ ಬರ್ಕೊಳ್ಳಿ ಮೇಡಂ," ಎಂದೆ. "ಕಂಡಿದ್ದು ಎರಡು ಸಲ. ಕಾಣದೇ ಹೋಗಿರೋದು ಎಷ್ಟು ಸಲವೋ ಗೊತ್ತಿಲ್ಲ. ಆವಾಗ ನನಗೂ ಹೇಳಿದ್ರು, ನಾನು ತಳ್ಳಿಹಾಕಿದೆ."

ಅಣ್ಣ ನನ್ನ ಮೊಣಕೈ ತಿವಿದ. "ಅದೆಲ್ಲ ಯಾಕ್ಲಾ ಹೇಳ್ತೀಯ, ಬುಡು."

ಅವರು ಬರೆದುಕೊಂಡರು. ಅದೇ ದಿನ ಹೊಟ್ಟೆಯ ಸ್ಕ್ಯಾನ್ ಆಯಿತು. ಕಿಡ್ನಿ ಎರಡೂ ಚೆನ್ನಾಗಿದ್ದವು, ಕಲ್ಲಿರಲಿಲ್ಲ. ಮೂತ್ರಕೋಶದ ಒಳಗೋಡೆಯಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡದೊಂದು ಬೆಳವಣಿಗೆ ಕಂಡಿತು. ಅದೇನೆಂದು ಒಳಗೆ ಕೊಳವೆ ಇಳಿಸಿ ಕಣ್ಣಾರೆ ನೋಡಿಯೇ ಹೇಳಬೇಕು, ತುಮಕೂರಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಕ್ಯಾನ್ಸರ್ ಇರಬಹುದೇ ಎಂದು ನಾನು ಕೇಳಬೇಕೋ ಬೇಡವೋ ಎಂದು ತಡಕಾಡುತ್ತಿರುವಾಗ ಅಣ್ಣನೇ ಕೇಳಿದ. ಇರಬಹುದು, ಆದರೆ ಚಿಕ್ಕದಿದೆ, ಈ ಹಂತದಲ್ಲಿ ಬಹಳ ಜನಕ್ಕೆ ತೆಗೆದು ಹಾಕಿ ವಾಸಿ ಮಾಡುತ್ತಾರೆ ಎಂದು ಅವರು ಮುಚ್ಚಿಡದೆ ಹೇಳಿದರು. ಹಾಗೆ ನೇರವಾಗಿ ಹೇಳಿದ್ದರಿಂದಲೇ ಅವನು ಅವರನ್ನು ನಂಬಿದ. ನನಗೂ ಏನೋ ಧೈರ್ಯ ಬಂತು. ಏನೆಂದು ಗೊತ್ತಿಲ್ಲದ ಕೆಂಪಿಗಿಂತ ಅಳತೆ ಗೊತ್ತಿರುವ ಕಾಳು ವಾಸಿ.

ತುಮಕೂರಿನಲ್ಲಿ ಮೂತ್ರದ ದಾರಿಯಿಂದಲೇ ಉಪಕರಣ ಇಳಿಸಿ ಅದನ್ನು ಕೆರೆದು ತೆಗೆದರು. ಹೊಟ್ಟೆ ಕೊಯ್ಯುವುದಿಲ್ಲ ಎಂದು ಎಷ್ಟು ಹೇಳಿದರೂ ನಂಬದಿದ್ದ ಅತ್ತಿಗೆ, ಅವನು ಹೊರಬಂದ ಮೇಲೆ ಅಂಗಿಯೆತ್ತಿ ಹೊಟ್ಟೆ ನೋಡಿಯೇ ಸಮಾಧಾನಪಟ್ಟಳು. ಹತ್ತು ದಿನಕ್ಕೆ ವರದಿ ಬಂತು. ಕ್ಯಾನ್ಸರೇ. ಆದರೆ ಮೇಲುಪದರದಲ್ಲೇ ಇದೆ, ಒಳಗಿನ ಸ್ನಾಯುವಿಗೆ ಇಳಿದಿಲ್ಲ. ವಾರಕ್ಕೊಮ್ಮೆಯಂತೆ ಕೆಲವು ವಾರ ಮೂತ್ರಕೋಶಕ್ಕೇ ಔಷಧಿ ಹಾಕಿದರು. ಇದು ಮರುಕಳಿಸುವ ಜಾತಿಯದು, ಮೂರು ಮೂರು ತಿಂಗಳಿಗೆ ಬಂದು ಒಳಗೆ ನೋಡಿಸಿಕೊಳ್ಳಲೇಬೇಕು ಎಂದರು. ಬೀಡಿಯನ್ನು ಅಣ್ಣ ಅಂದೇ ಬಿಟ್ಟ. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಬಿಡಲು ಮಾತ್ರ ಎರಡು ತಿಂಗಳು ಅತ್ತಿಗೆಯೊಡನೆ ಜಗಳವಾಡಿದ. ಈಗ ಬಿಟ್ಟಿದ್ದಾನೆಂದು ಅವಳು ಹೇಳುತ್ತಾಳೆ. ಅವಳ ಮಾತನ್ನು ನಾನು ನಂಬುತ್ತೇನೆ.

ಮೊದಲ ಮೂರು ತಿಂಗಳಿಗೆ ಏನೂ ಇರಲಿಲ್ಲ. ಆರು ತಿಂಗಳಿಗೂ ಇರಲಿಲ್ಲ. ಒಂಬತ್ತನೆಯ ತಿಂಗಳಿಗೆ ಅಣ್ಣ ಗೊಣಗತೊಡಗಿದ. ಎರಡು ಸಲ ಚೊಕ್ಕವಾಗಿದೆ ಎಂದ ಮೇಲೆ ಮೂರನೆಯ ಸಲ ಯಾಕೆ, ರಕ್ತವೂ ಇಲ್ಲ, ಬಿಳಿ ತಟ್ಟೆಯಲ್ಲೇ ನೋಡಿದ್ದೇನೆ ಎಂದ. ಆ ತಟ್ಟೆ ಯಾವುದೆಂದು ಅತ್ತಿಗೆ ಗಾಬರಿಯಿಂದ ಕೇಳಿ, ಅದನ್ನು ಅಡುಗೆಮನೆಯಿಂದ ಹೊರಗೆ ಹಾಕಿದಳು. ನಾನು ವಾದ ಮಾಡಲಿಲ್ಲ. ರೈಲಿಗೆ ಎರಡು ಟಿಕೆಟ್ ತೆಗೆದುಕೊಂಡು, ಅವನು ಬರುವ ಬಸ್ಸಿಗೆ ಕಾದು ನಿಂತೆ. ಅವನು ಗೊಣಗುತ್ತಲೇ ಇಳಿದ.

ಅಂದು ಮತ್ತೊಂದು ಸಿಕ್ಕಿತು. ಹಿಂದಿನ ಜಾಗದಿಂದ ಸ್ವಲ್ಪ ದೂರದಲ್ಲಿ, ಸಾಸಿವೆ ಕಾಳಿನಷ್ಟು. ರಕ್ತ ಬರುವಷ್ಟು ದೊಡ್ಡದಾಗಿರಲಿಲ್ಲ. ಅಲ್ಲೇ ಸುಟ್ಟು ತೆಗೆದರು. ತುಮಕೂರಿನ ಡಾಕ್ಟರು ಗಾಬರಿಯನ್ನೇನೂ ತೋರಿಸದೆ, ಇದಕ್ಕೇ ಬರಲು ಹೇಳುವುದು, ಇಷ್ಟರಲ್ಲಿ ಸಿಕ್ಕರೆ ನಮ್ಮ ಕೆಲಸ ಸುಲಭ ಎಂದರು.

ಹೊರಗಿನ ಬೆಂಚಿನಲ್ಲಿ ಅಣ್ಣ ಪಂಚೆ ಸರಿಮಾಡಿಕೊಂಡು ಕೂತ. ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಆಶ್ಚರ್ಯವಿತ್ತು. ಏನೂ ಕಾಣದೇ ಇರುವಾಗಲೂ ಏನೋ ಇತ್ತಲ್ಲ ಎಂದ. ಹೌದು ಎಂದೆ. ಆಮೇಲೆ ಎದ್ದು ತಾನೇ ಕೌಂಟರಿಗೆ ಹೋದ. ಅಲ್ಲಿದ್ದ ನರ್ಸು ಮುಂದಿನ ತಾರೀಕು ಹೇಳಿದಳು. ಅದು ಅತ್ತಿಗೆಯ ತಂಗಿಯ ಮಗಳ ಮದುವೆಯ ದಿನ. ಬೇರೆ ದಿನ ಕೇಳೋಣವೆಂದು ನಾನು ಬಾಯಿ ತೆರೆದೆ.

"ಅದನ್ನೇ ಬರ್ಕಳಮ್ಮ," ಎಂದ ಅಣ್ಣ. "ಮದ್ವೆಗೆ ನಮ್ಮನೆಯೋರು ಹೋಯ್ತಾರೆ. ನಾನು ಇಲ್ಲಿಗೆ ಬತ್ತೀನಿ."